ಓಡದ ಮರಿ

ಬೆಳಗಿನ ಜಾವ ಮೂರೂವರೆಗೆ ಅಲಾರಂ ಹೊಡೆದಾಗ ನನ್ನ ಗಂಡ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡು, "ಶನಿವಾರ ಕಣೇ ಇವತ್ತು, ನಿಂಗೇನು ತಲೆ ಕೆಟ್ಟಿದೆಯಾ" ಅಂದ. ಕೆಟ್ಟಿತ್ತೇನೋ. ನಾವಿರುವುದು ಜರ್ಮನಿಯ ಬವೇರಿಯಾದಲ್ಲಿ, ಮ್ಯೂನಿಕ್‌ನಿಂದ ಸ್ವಲ್ಪ ದೂರದ ಊರು. ಮೇ ಕೊನೆಯ ವಾರ. ಆಫೀಸಿನ ಗೆಳತಿಯೊಬ್ಬಳು, "ಡ್ರೋನ್ ಹಾರಿಸೋಕೆ ನಾವಿದ್ದೀವಿ, ಹುಲ್ಲಲ್ಲಿ ನಡೆಯೋಕೆ ಜನ ಕಮ್ಮಿ, ಬರ್ತೀಯಾ" ಅಂತ ಕೇಳಿದ್ದಳು. ಜಿಂಕೆ ಮರಿ ಹುಡುಕುವ ಕೆಲಸ. ಹೂಂ ಅಂದುಬಿಟ್ಟಿದ್ದೆ.

ಇಲ್ಲಿನ ಜಿಂಕೆಗೆ ಜರ್ಮನ್ನರು ರೇ ಅಂತಾರೆ. ನಮ್ಮ ಚುಕ್ಕೆ ಜಿಂಕೆಯ ಅರ್ಧದಷ್ಟು ತೂಗುತ್ತದೆ ಅಷ್ಟೆ. ದೊಡ್ಡದಕ್ಕೆ ಚುಕ್ಕೆ ಇಲ್ಲ, ಮರಿಗೆ ಮಾತ್ರ ಬೆನ್ನ ತುಂಬಾ ಬಿಳಿ ಚುಕ್ಕೆ. ನಮ್ಮಲ್ಲಿ ಚುಕ್ಕೆ ಜಿಂಕೆ ವರ್ಷದ ಯಾವ ತಿಂಗಳಲ್ಲಾದರೂ ಮರಿ ಹಾಕೀತು, ಅದೂ ಸಾಮಾನ್ಯವಾಗಿ ಒಂದೇ. ಇದು ಹಾಗಲ್ಲ. ಜುಲೈ ಆಗಸ್ಟಿನಲ್ಲಿ ಗಂಡು ಹೆಣ್ಣು ಕೂಡುತ್ತವೆ, ಆದರೆ ಭ್ರೂಣ ಬೆಳೆಯದೆ ಸುಮಾರು ಡಿಸೆಂಬರ್ ತನಕ ಸುಮ್ನೆ ಕಾದು ಕೂತಿರುತ್ತದೆ. ಚಳಿಗಾಲದಲ್ಲಿ ಹುಟ್ಟಿದರೆ ಮರಿ ಉಳಿಯುವುದಿಲ್ಲವಲ್ಲ. ಹಾಗಾಗಿ ಮೇ ಜೂನಿನಲ್ಲಿ, ಎಳೆ ಹುಲ್ಲು ಎದ್ದು ತಾಯಿಗೆ ಹಾಲು ಇಳಿಯುವ ಹೊತ್ತಿಗೆ, ಹೆಚ್ಚುಕಮ್ಮಿ ಎಲ್ಲವೂ ಒಟ್ಟಿಗೆ ಈಯುತ್ತವೆ, ಬಹಳಷ್ಟು ಸಲ ಎರಡೆರಡು ಮರಿ. ಒಟ್ಟಿಗೆ ಅಷ್ಟೊಂದು ಮರಿ ಬಿದ್ದರೆ ನರಿ ತಾನೇ ಎಷ್ಟು ತಿಂದೀತು! ಎಷ್ಟು ಚೆನ್ನಾದ ಲೆಕ್ಕ ಅಲ್ವಾ? ಒಂದೇ ತೊಂದರೆ, ರೈತ ಮೊದಲ ಹುಲ್ಲು ಕೊಯ್ಯುವುದೂ ಅದೇ ವಾರಗಳಲ್ಲಿ.

ನಾಲ್ಕೂಕಾಲಕ್ಕೆ ಹುಲ್ಲುಗಾವಲಿನ ಅಂಚಿಗೆ ಹೋದೆವು. ಹುಲ್ಲು ನನ್ನ ಸೊಂಟದ ತನಕ, ಇಬ್ಬನಿಗೆ ಪ್ಯಾಂಟು ತೊಡೆವರೆಗೂ ಒದ್ದೆ. ಇಷ್ಟು ಬೇಗ ಯಾಕೆ ಅಂದರೆ ಬಿಸಿಲು ಬಿದ್ದ ಮೇಲೆ ಕಲ್ಲು, ಮಣ್ಣುಗುಡ್ಡೆ ಎಲ್ಲ ಬಿಸಿಯಾಗಿ, ಶಾಖ ಗುರುತಿಸುವ ಡ್ರೋನಿನ ಥರ್ಮಲ್ ಕ್ಯಾಮೆರಾದಲ್ಲಿ ಮರಿಯ ಹಾಗೇ ಬೆಳ್ಳಗೆ ಕಾಣುತ್ತವಂತೆ. ಡ್ರೋನ್ ಸುಮಾರು 60 ಮೀಟರ್ ಎತ್ತರದಲ್ಲಿ ಗೆರೆ ಎಳೆದ ಹಾಗೆ ಆ ತುದಿಯಿಂದ ಈ ತುದಿಗೆ ಹೋಗುತ್ತಿತ್ತು. ಪರದೆ ಮೇಲೆ ಬೂದು ಬಣ್ಣ, ನಡುವೆ ಒಂದು ಬಿಳಿ ಚುಕ್ಕಿ. "ಎಡಕ್ಕೆ, ಇನ್ನೂ ಎಡಕ್ಕೆ, ಎರಡು ಹೆಜ್ಜೆ, ನಿಲ್ಲು" ಅಂತ ವಾಕಿಟಾಕಿಯಲ್ಲಿ ಗೆಳತಿ. ನಿಂತೆ. ಏನೂ ಇಲ್ಲ. "ನಿನ್ನ ಕಾಲ ಹತ್ತಿರಾನೇ ಇದೆ" ಅಂದಳು. ಬಗ್ಗಿ ಹುಲ್ಲು ಸರಿಸಿದೆ.

ಎರಡು ಬೊಗಸೆಯಲ್ಲಿ ಹಿಡಿಯುವಷ್ಟು ಪ್ರಾಣಿ. ಕಿವಿ ಹಿಂದಕ್ಕೆ ಒತ್ತಿಕೊಂಡು, ಗದ್ದ ನೆಲಕ್ಕೆ ತಾಗಿಸಿ, ಸುರುಳಿ ಸುತ್ತಿ ಮಲಗಿದೆ. ಕಣ್ಣು ಪೂರ್ತಿ ತೆರೆದಿದೆ, ನನ್ನನ್ನೇ ನೋಡುತ್ತಿದೆ, ರೆಪ್ಪೆ ಕೂಡ ಹೊಡೆಯುತ್ತಿಲ್ಲ. ಮೂಗಿನ ತುದಿಯಲ್ಲಿ ಒಂದು ಇಬ್ಬನಿ ಹನಿ. ಸತ್ತಿದೆಯೇನೋ ಅಂದುಕೊಂಡೆ.

ಹುಟ್ಟಿದ ಮೊದಲ ಎರಡು ಮೂರು ವಾರ ಅದರ ಪಾಲಿಗೆ ಇರುವ ಉಪಾಯ ಇದೊಂದೇ. ಮೈಗೆ ವಾಸನೆ ಇಲ್ಲದಷ್ಟು ಕಮ್ಮಿ. ಅದರ ಉಚ್ಚೆ ಹಿಕ್ಕೆಯನ್ನೂ ತಾಯಿ ನೆಕ್ಕಿ ತೆಗೆದುಬಿಡುತ್ತದೆ. ತಾಯಿ ದೂರದಲ್ಲಿ ಮೇಯುತ್ತಾ ದಿನಕ್ಕೆ ಕೆಲವೇ ಸಲ ಬಂದು ಹಾಲು ಕೊಟ್ಟು ಹೋಗುತ್ತದೆ, ಎರಡು ಮರಿ ಇದ್ದರೆ ಬೇರೆ ಬೇರೆ ಕಡೆ ಮಲಗಿಸುತ್ತದೆ. ನರಿ ಬಂದರೂ ಮಿಸುಕಬಾರದು. ಮಿಸುಕದೆ ಇದ್ದರೆ ನರಿ ಪಕ್ಕದಲ್ಲೇ ಹಾದು ಹೋದೀತು. ಟ್ರಾಕ್ಟರ್ ಹಾದು ಹೋಗುವುದಿಲ್ಲ. ಈಗಿನ ಯಂತ್ರ ಒಂಬತ್ತು ಮೀಟರ್ ಅಗಲ ಒಟ್ಟಿಗೆ ಕೊಯ್ಯುತ್ತದೆ, ಮರಿ ಅದಕ್ಕೂ ಹೀಗೇ ಮಲಗಿರುತ್ತದೆ. ಕಾಲು ತುಂಡಾಗಿಯೂ ಸಾಯದೆ ಒದ್ದಾಡುವುದನ್ನು ನೋಡಿದ್ದೇನೆ ಅಂತ ಆ ಹೊಲದ ರೈತರೇ ಹೇಳಿದರು, ಎಪ್ಪತ್ತು ದಾಟಿದ ಮನುಷ್ಯ, ಹೇಳುವಾಗ ಟ್ರಾಕ್ಟರಿನ ಕಡೆ ನೋಡಲಿಲ್ಲ. ಅವರಿಗೆ ಇನ್ನೊಂದು ಭಯ. ಸತ್ತ ಮರಿ ರಸಮೇವಿನಲ್ಲಿ, ಅಂದರೆ ಗಾಳಿಯಾಡದ ಹಾಗೆ ಮುಚ್ಚಿ ಹುಳಿ ಬರಿಸಿಟ್ಟ ಹಸಿ ಮೇವಿನಲ್ಲಿ, ಸೇರಿ ಕೊಳೆತರೆ ಅದನ್ನು ತಿಂದ ದನಗಳಿಗೆ ವಿಷವಾಗುತ್ತದೆ.

ಕೈಗವಸು ಹಾಕಿ, ಎರಡೂ ಕೈ ತುಂಬಾ ಹುಲ್ಲು ಕಿತ್ತುಕೊಂಡು, ಆ ಹುಲ್ಲಿನ ಜೊತೆಗೇ ಮರಿ ಎತ್ತಬೇಕು. ಮನುಷ್ಯನ ವಾಸನೆ ತಾಗಬಾರದು. ಎತ್ತಿದ ಕೂಡಲೇ ಪೀ ಅಂತ ಕಿರುಚಿತು, ನನ್ನ ಕೈ ನಡುಗಿತು. ಅಂಚಿನ ನೆರಳಿನಲ್ಲಿ ಇಟ್ಟು ಪ್ಲಾಸ್ಟಿಕ್ ಕ್ರೇಟ್ ಕವುಚಿದೆವು. ಪಕ್ಕದಲ್ಲಿ ನಿಂತಿದ್ದವರು ಆ ಪ್ರದೇಶದ ಬೇಟೆ ಹಕ್ಕು ಇರುವವರು, ಅವರ ಒಪ್ಪಿಗೆ ಇಲ್ಲದೆ ಮರಿ ಮುಟ್ಟಿದರೆ ಇಲ್ಲಿ ಅದು ಕಳ್ಳಬೇಟೆ. ಮುಂದೊಂದು ದಿನ ಇವರೇ ಇದಕ್ಕೆ ಗುಂಡು ಹೊಡೆಯಬಹುದು, ಇವತ್ತು ಮಂಡಿಯೂರಿ ಅದರ ಮೇಲೆ ಹುಲ್ಲು ಹೊದಿಸುತ್ತಿದ್ದಾರೆ. ನನಗೆ ನಗು ಬಂತು, ಅವರಿಗೂ ಗೊತ್ತಾಯಿತು.

ಅವತ್ತು ಸಿಕ್ಕಿದ್ದು ಮೂರು ಮರಿ, ಜೊತೆಗೆ ನಾಲ್ಕನೆಯದು ಅಂತ ಓಡಿದರೆ ಒಂದು ಮೊಲ.

ಕೊಯ್ಲು ಮುಗಿಯುವ ತನಕ ಕ್ರೇಟ್ ಪಕ್ಕ ಕೂತಿದ್ದಾಗ ನನಗೆ ಗುಂಡ್ಲುಪೇಟೆ ಕಡೆಯ ಅಜ್ಜಿ ಮನೆ ನೆನಪಾಯಿತು. ನನಗಾಗ ಎಂಟೋ ಒಂಬತ್ತೋ. ಮಾವ ಹುರುಳಿ ಹೊಲದ ಬೇಲಿ ಪಕ್ಕ ಮಲಗಿದ್ದ ಚುಕ್ಕೆ ಜಿಂಕೆ ಮರಿಯನ್ನು ಟವಲಿನಲ್ಲಿ ಸುತ್ತಿಕೊಂಡು ಬಂದಿದ್ದರು. ತಾಯಿ ಬಿಟ್ಟು ಹೋಗಿದೆ, ಊರ ನಾಯಿ ಹರಿದು ಹಾಕ್ತವೆ ಅಂತ. ನಾಯಿಯ ಭಯ ಸುಳ್ಳಲ್ಲ, ಕಾಡಂಚಿನ ಊರಲ್ಲಿ ಚಿರತೆ, ಸೀಳುನಾಯಿಯ ಜೊತೆಗೆ ಬೀದಿನಾಯಿಯೂ ಸೇರಿಕೊಳ್ಳುತ್ತದೆ. ಆದರೆ ಆ ಮರಿ ಓಡಲಿಲ್ಲ, ಟವಲಿನೊಳಗೂ ಅಲ್ಲಾಡಲಿಲ್ಲ. "ನೋಡು ಎಷ್ಟು ಸಾಧು" ಅಂತ ನಾವೆಲ್ಲ ಸವರಿದೆವು. ಹಸುವಿನ ಹಾಲು ಕುಡಿಸಿದೆವು. ಭೇದಿ ಶುರುವಾಯಿತು, ಮೂರನೇ ದಿನ ಸತ್ತಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಪ್ರಾಣಿ ಹೀಗೆ ತಂದು ಸಾಕುವುದು ಅಪರಾಧ, ನಮಗದು ಗೊತ್ತೂ ಇರಲಿಲ್ಲ.

ಒಂಬತ್ತೂವರೆಗೆ ಕ್ರೇಟ್ ತೆಗೆದೆವು. ಮರಿ ಅಲ್ಲೇ ಮಲಗಿತ್ತು. ನಾವು ದೂರ ಹೋಗಿ ಕಾರಿನಲ್ಲಿ ಕೂತೆವು. ಇಪ್ಪತ್ತು ನಿಮಿಷಕ್ಕೆ ಮರಗಳ ಸಂದಿಯಿಂದ ತಾಯಿ ಬಂತು, ತಲೆ ಎತ್ತಿ ನಿಂತು, ಮತ್ತೆ ನಾಲ್ಕು ಹೆಜ್ಜೆ. ಮರಿ ಎದ್ದು ನಿಂತಾಗ ಅದರ ಕಾಲು ಇಷ್ಟುದ್ದ ಇದೆ ಅಂತ ಆಗಲೇ ಗೊತ್ತಾಗಿದ್ದು.

ಮಾರನೇ ದಿನ ಮಾವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಮರಿ ನೆನಪಿದೆಯಾ ಮಾವ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಅದ್ರ ತಾಯಿ ಎರಡು ದಿನ ಬಂತು ಕಣವ್ವ, ಬೇಲಿ ತಾವ. ನಿಮಗ್ಯಾರಿಗೂ ಹೇಳ್ಲಿಲ್ಲ ನಾನು" ಅಂದರು. ಆಮೇಲೆ ಗಂಟಲು ಸರಿ ಮಾಡಿಕೊಂಡು, ಅಲ್ಲಿ ಹುಲ್ಲಿಗೆ ಏನು ರೇಟು ಅಂತ ಕೇಳಿದರು.