ಡೇನಿಯಲ್ ಬೂನ್ ಹಾದಿಯಲ್ಲಿ ನಾಲ್ಕು ದಿನ: ಹೋಗುವವರಿಗೆ ಒಂದಿಷ್ಟು ಮಾತು

ಅಕ್ಟೋಬರ್‌ನಲ್ಲಿ ನಾನೂ ನನ್ನ ಹೆಂಡತಿಯೂ ಕಾರು ಬಾಡಿಗೆಗೆ ತೆಗೆದುಕೊಂಡು, ಅಮೆರಿಕದಲ್ಲಿ ಬೆಟ್ಟಸಾಲು ದಾಟಿ ಪಶ್ಚಿಮಕ್ಕೆ ಹೋಗುವ ವಲಸಿಗರಿಗೆ ದಾರಿ ಮಾಡಿಕೊಟ್ಟ ಬೇಟೆಗಾರ ಡೇನಿಯಲ್ ಬೂನ್ ಬದುಕಿದ ಜಾಗಗಳನ್ನು ನೋಡಿ ಬಂದೆವು. ಕಂಬರ್ಲೆಂಡ್ ಗ್ಯಾಪ್ ಅನ್ನುವ ಬೆಟ್ಟದ ಕಣಿವೆದಾರಿಯಲ್ಲಿ ಶುರು, ಮಿಸೌರಿಯಲ್ಲಿ ಕೊನೆ. ನೀವೂ ಹೊರಡುವುದಾದರೆ ಇದೇ ಕ್ರಮದಲ್ಲಿ ಹೋಗಿ. ಕೋಟೆಯನ್ನೋ ಸಮಾಧಿಯನ್ನೋ ಮಾತ್ರ ನೋಡಿದರೆ ಆತ ಕಾಡಿನ ವೀರನಾಗಿ ಮಾತ್ರ ಕಾಣುತ್ತಾನೆ. ಪೂರ್ವದಿಂದ ಪಶ್ಚಿಮಕ್ಕೆ ಹೋದರೆ, ಲಕ್ಷಾಂತರ ಜನ ನಡೆದ ದಾರಿಯನ್ನು ಕಡಿದುಕೊಟ್ಟು ತನ್ನ ಜಮೀನನ್ನು ಮಾತ್ರ ಉಳಿಸಿಕೊಳ್ಳಲಾಗದೆ ಮತ್ತೆ ಮತ್ತೆ ಗಂಟುಮೂಟೆ ಕಟ್ಟಿದ ಒಬ್ಬ ಮನುಷ್ಯ ಸಿಗುತ್ತಾನೆ. ಆತ ಹುಟ್ಟಿದ್ದು 1734ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ಆ ಮನೆ ತುಂಬ ದೂರ, ನಾವು ಹೋಗಲಿಲ್ಲ.

ಕಂಬರ್ಲೆಂಡ್ ಗ್ಯಾಪ್‌ಗೆ ಒಂದೂವರೆ ದಿನ ಇಟ್ಟುಕೊಳ್ಳಿ. ನಾವು ಒಂದೇ ದಿನ ಅಂದುಕೊಂಡಿದ್ದೆವು, ಸಾಲಲಿಲ್ಲ. ಕೆಂಟಕಿ, ವರ್ಜೀನಿಯಾ, ಟೆನೆಸಿ ಮೂರೂ ರಾಜ್ಯ ಸೇರುವ ಜಾಗ ಇದು. ಪಾರ್ಕಿಗೆ ಪ್ರವೇಶ ಶುಲ್ಕ ಇಲ್ಲ. ಉಳಿಯಲು ಮಿಡಲ್ಸ್‌ಬರೋ ಊರು ಅನುಕೂಲ. ಉಲ್ಕೆ ಬಿದ್ದು ಆದ ಕುಳಿಯಲ್ಲೇ ಕಟ್ಟಿದ ಊರು ಅದು. ಎಲೆ ಬಣ್ಣ ತಿರುಗುವ ಕಾಲದಲ್ಲಿ ಹೋಗುವುದಾದರೆ ರೂಮ್ ಮೊದಲೇ ಬುಕ್ ಮಾಡಿ.

ಪಿನಾಕಲ್ ಅನ್ನುವ ತುದಿ 2,440 ಅಡಿ ಎತ್ತರದಲ್ಲಿದೆ. ಕಾರು ಮೇಲಿನವರೆಗೂ ಹೋಗುತ್ತದೆ, ಆದರೆ ತಿರುವುಗಳು ಬಿಗಿ, 20 ಅಡಿಗಿಂತ ಉದ್ದದ ಗಾಡಿ ಬಿಡುವುದಿಲ್ಲ. ಮೊದಲ ದಿನ ಬೆಳಿಗ್ಗೆ ಏಳೂವರೆಗೆ ಹೋದೆವು, ಮಂಜು ಬಿಟ್ಟರೆ ಏನೂ ಕಾಣಲಿಲ್ಲ. ಮಧ್ಯಾಹ್ನ ಮತ್ತೆ ಹತ್ತಿದಾಗ ಬೆಟ್ಟದ ಗೋಡೆ ಉದ್ದಕ್ಕೂ ಹಾಸಿಕೊಂಡಿತ್ತು, ಅದರಲ್ಲಿ ಒಂದೇ ಒಂದು ತಗ್ಗು. ಈ ಬೆಟ್ಟಸಾಲು ದಾಟಲು ಇಷ್ಟು ಸುಲಭದ ಜಾಗ ಸುತ್ತಮುತ್ತ ಇನ್ನೊಂದಿಲ್ಲ ಅಂತ ಓದಿದ್ದೆ, ಅದು ಅರ್ಥವಾಗಿದ್ದು ಅಲ್ಲಿ ನಿಂತಾಗ. ಬೂನ್‌ಗಿಂತ ಎಷ್ಟೋ ಮೊದಲು ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ, ಶಾವ್ನಿ ಜನ ಇಲ್ಲೇ ಓಡಾಡುತ್ತಿದ್ದರು. ಅವರದು ಆಗಲೇ ತುಳಿದ ದಾರಿ. ಬೂನ್ ಇದನ್ನು ಕಂಡುಹಿಡಿದ ಅಂತ ಹೇಳಬೇಡಿ, ಮಕ್ಕಳಿಗಂತೂ ಹೇಳಲೇಬೇಡಿ.

ಆಮೇಲೆ ಕೆಳಗಿಳಿದು ಹಳೇ ದಾರಿಯಲ್ಲಿ ನಡೆಯಿರಿ. ಮೊದಲು ಹೆದ್ದಾರಿ ಇದರ ಮೇಲೇ ಹಾದುಹೋಗುತ್ತಿತ್ತು. 1996ರಲ್ಲಿ ಬೆಟ್ಟದೊಳಗೆ ಸುರಂಗ ತೆರೆದ ಮೇಲೆ ಡಾಂಬರು ಕಿತ್ತು, ಗಾಡಿಗಳು ಬರುವುದಕ್ಕೆ ಮುಂಚೆ ಇದ್ದ ಹಾಗೆ ಮಣ್ಣಿನ ದಾರಿ ಮಾಡಿದ್ದಾರೆ. ಎಷ್ಟು ಒಳ್ಳೆಯ ಕೆಲಸ ಅಲ್ವಾ! ಒದ್ದೆ ಎಲೆ ಜಾರುತ್ತದೆ, ಹಿಡಿತ ಇರುವ ಶೂ ಹಾಕಿ. 1773ರಲ್ಲಿ ಬೂನ್ ಸಂಸಾರ ಸಮೇತ ಕೆಂಟಕಿಗೆ ಹೊರಟಿದ್ದ. ಇಲ್ಲಿಗೆ ತಲುಪುವ ಮೊದಲೇ, ವರ್ಜೀನಿಯಾ ಕಡೆ, ಹದಿನಾರು ವರ್ಷದ ದೊಡ್ಡ ಮಗ ಜೇಮ್ಸ್‌ನನ್ನು ದಾಳಿ ಮಾಡಿದವರು ಹಿಂಸೆ ಕೊಟ್ಟು ಕೊಂದರು. ಎಲ್ಲರೂ ವಾಪಸಾದರು. 1775ರಲ್ಲಿ ಕೊಡಲಿ ಹಿಡಿದ ಸುಮಾರು 30 ಜನರ ಜೊತೆ ಬಂದು ಆತ ಕೆಂಟಕಿ ನದಿಯವರೆಗೆ ದಾರಿ ಕಡಿಸಿದ. ಮಗನನ್ನು ಕಳೆದುಕೊಂಡ ದಿಕ್ಕಿಗೇ ಎರಡು ವರ್ಷದಲ್ಲಿ ಮತ್ತೆ ಬರುವುದು ಹೇಗಾಯಿತೋ ಅಂತ ನನ್ನ ಹೆಂಡತಿ ಆ ಏರಿನಲ್ಲಿ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಲ್ಲಿಂದ ಕಾರ್ಬಿನ್ ಮೇಲೆ ಹೋದರೆ, ಆ ದಾರಿಯ ಕೊನೆಯಲ್ಲಿ ಬೂನ್ ಮತ್ತು ಜೊತೆಯವರು ಕಟ್ಟಿದ ಬೂನ್ಸ್‌ಬರೋ ಕೋಟೆ ಸುಮಾರು ಎರಡು ಗಂಟೆ. ಬೆಟ್ಟದಲ್ಲಿ ಸಿಗ್ನಲ್ ಹೋಗುತ್ತದೆ, ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನಾವು ಸಂಜೆ ತಲುಪಿದಾಗ ಬಾಗಿಲು ಹಾಕಿತ್ತು, ಮಾರನೇ ದಿನ ಮತ್ತೆ ಬರಬೇಕಾಯಿತು. ಸಮಯ ನೋಡಿಕೊಂಡು ಹೊರಡಿ. ಚಳಿಗಾಲದಲ್ಲಂತೂ ಫೋನ್ ಮಾಡಿ ಕೇಳಿಯೇ ಹೋಗಿ. ಈಗಿರುವ ಕೋಟೆ ಹೊಸದಾಗಿ ಕಟ್ಟಿದ್ದು, ಹಳೆಯದು ಇದ್ದಿದ್ದು ಕೆಳಗೆ ನದಿ ಪಕ್ಕ. ಅಲ್ಲಿಗೂ ಹೋಗಿ. 1776ರಲ್ಲಿ ಬೂನ್ ಮಗಳು ಜೆಮೈಮಾಳನ್ನು ಶಾವ್ನಿ, ಚೆರೋಕಿ ಜನ ದೋಣಿಯಿಂದ ಹಿಡಿದುಕೊಂಡು ಹೋಗಿದ್ದು ಈ ನದಿಯಲ್ಲೇ. ಬೂನ್ ಹೆಜ್ಜೆ ಜಾಡು ಹಿಡಿದು ಬೆನ್ನಟ್ಟಿ ಬಿಡಿಸಿಕೊಂಡು ಬಂದ.

ಉಪ್ಪುನೀರಿನ ಬುಗ್ಗೆಗಳಿದ್ದ ಬ್ಲೂ ಲಿಕ್ಸ್ ಬಿಡಬೇಡಿ. ಸುಮ್ನೆ ಒಂದು ಚಿಕ್ಕ ಪಾರ್ಕ್ ಅಂತ ಕಾಣುತ್ತದೆ, ಆದರೆ ಆತನ ಬದುಕು ಎರಡು ಸಲ ತಿರುಗಿದ್ದು ಇಲ್ಲೇ. 1778ರಲ್ಲಿ ಉಪ್ಪು ಕಾಯಿಸಲು ಬಂದವನನ್ನು ಶಾವ್ನಿ ಜನ ಹಿಡಿದರು. ಅವರ ಮುಖ್ಯಸ್ಥ ಬ್ಲ್ಯಾಕ್‌ಫಿಶ್ ಆತನನ್ನು ಮಗನನ್ನಾಗಿ ಮಾಡಿಕೊಂಡು ಶೆಲ್ಟೋವಿ, ಅಂದರೆ ದೊಡ್ಡ ಆಮೆ, ಅಂತ ಹೆಸರಿಟ್ಟ. ಬೂನ್ ಕೆಲವು ತಿಂಗಳು ಅಲ್ಲಿದ್ದು, ಕೋಟೆ ಮೇಲೆ ದಾಳಿ ಆಗಲಿದೆ ಅಂತ ಗೊತ್ತಾದಾಗ ತಪ್ಪಿಸಿಕೊಂಡು ಸುಮಾರು 160 ಮೈಲಿ ದಾಟಿ ಬಂದ. ಮುತ್ತಿಗೆ ಮುಗಿದ ಮೇಲೆ ಅವನದೇ ಜನ ದ್ರೋಹಿ ಅಂತ ಸೇನಾ ವಿಚಾರಣೆಗೆ ನಿಲ್ಲಿಸಿದರು. ನಿರ್ದೋಷಿ ಅಂತ ತೀರ್ಪಾಯಿತು. 1782ರ ಆಗಸ್ಟ್ 19ರಂದು ಬ್ರಿಟಿಷರು ಮತ್ತು ಅವರ ಜೊತೆಗಿದ್ದ ಮೂಲನಿವಾಸಿಗಳ ಪಡೆಯನ್ನು ಬೆನ್ನಟ್ಟಿ ಬಂದಾಗ ಇದೇ ಬ್ಲೂ ಲಿಕ್ಸ್‌ನಲ್ಲಿ, ಇದು ಹೊಂಚು, ಮುಂದೆ ಹೋಗುವುದು ಬೇಡ ಅಂತ ಆತ ಎಚ್ಚರಿಸಿದರೂ ಜೊತೆಯವರು ನದಿ ದಾಟಿದರು. ಕೆಲವೇ ನಿಮಿಷದಲ್ಲಿ ಸೋಲು. ಇನ್ನೊಬ್ಬ ಮಗ ಇಸ್ರೇಲ್ ಅಪ್ಪನ ಕಣ್ಣೆದುರೇ ಸತ್ತ. ಇಲ್ಲಿ ನಾವು ಜಾಸ್ತಿ ಮಾತಾಡಲಿಲ್ಲ.

ಕೆಂಟಕಿಯ ರಾಜಧಾನಿ ಫ್ರಾಂಕ್‌ಫರ್ಟ್‌ನಲ್ಲಿರುವ ಬೂನ್ ಸಮಾಧಿಗೆ ಒಂದು ಗಂಟೆ ಸಾಕು. ಗುಡ್ಡದ ಅಂಚಿನಲ್ಲಿದೆ, ಕೆಳಗೆ ನದಿ, ಆಚೆ ರಾಜ್ಯದ ಶಾಸನಸಭೆ ಕಟ್ಟಡ. ಇಷ್ಟು ಗೌರವ ಕೊಟ್ಟ ಕೆಂಟಕಿಯಲ್ಲೇ ಸರಿಯಾಗಿ ನೋಂದಣಿ ಆಗದೆ, ದಾವೆಗಳಲ್ಲಿ ಸೋತು ಆತನ ಜಮೀನು ಹೋಗಿದ್ದು.

ಅಲ್ಲಿಂದ ಮಿಸೌರಿಯ ಡಿಫೈಯನ್ಸ್‌ಗೆ ಐದೂವರೆ ಗಂಟೆ ಡ್ರೈವ್. ಮಧ್ಯೆ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಟಿಕೆಟ್ ಬುಕ್ ಮಾಡುವಾಗ ನೆನಪಿಡಿ. 1799ರಲ್ಲಿ ಬೂನ್ ಇಲ್ಲಿಗೆ ಬಂದಾಗ ಇದು ಸ್ಪೇನಿನ ಆಡಳಿತದಲ್ಲಿತ್ತು. ಅವರು ಜಮೀನು ಕೊಟ್ಟರು. ಅಮೆರಿಕದ ಕೈಗೆ ಬಂದ ಮೇಲೆ ಅದೂ ಹೋಯಿತು. 1814ರಲ್ಲಿ ಕಾಂಗ್ರೆಸ್ ಸುಮಾರು 850 ಎಕರೆ ವಾಪಸ್ ಕೊಟ್ಟಿತು, ಅದನ್ನು ಹಳೇ ಸಾಲ ತೀರಿಸಲು ಮಾರಿದ. ಆತ ತೀರಿಕೊಂಡ ದಪ್ಪ ಸುಣ್ಣದಕಲ್ಲಿನ ಮನೆ ಮಗ ನೇಥನ್‌ನದು. ಒಳಗೆ ಮೆಟ್ಟಿಲು ಜಾಸ್ತಿ, ಮಂಡಿ ನೋವಿರುವ ಹಿರಿಯರಿದ್ದರೆ ಮೊದಲೇ ಹೇಳಿ.

ಸಮಯ ಉಳಿದರೆ ಮಾರ್ಥಾಸ್‌ವಿಲ್ ಹತ್ತಿರದ ಚಿಕ್ಕ ಸ್ಮಶಾನಕ್ಕೆ ಹೋಗಿ. 1820ರಲ್ಲಿ ಬೂನ್‌ನನ್ನು ಮೊದಲು ಮಣ್ಣು ಮಾಡಿದ್ದು ಅಲ್ಲೇ, ಏಳು ವರ್ಷ ಮುಂಚೆ ತೀರಿಕೊಂಡಿದ್ದ ಹೆಂಡತಿ ರೆಬೆಕ್ಕಾಳ ಪಕ್ಕದಲ್ಲಿ. 1845ರಲ್ಲಿ ಕೆಂಟಕಿಯವರು ಬಂದು ಇಬ್ಬರ ಮೂಳೆಗಳನ್ನೂ ಅಗೆದು ತೆಗೆದುಕೊಂಡು ಹೋದರು. ಅವರು ಒಯ್ದಿದ್ದು ಬೇರೆ ಯಾರದೋ ಮೂಳೆ, ಬೂನ್ ಇನ್ನೂ ಇಲ್ಲೇ ಇದ್ದಾನೆ ಅಂತ ವಾದಿಸುವವರು ಇದ್ದಾರೆ. ಹತ್ತಿರ ಅಂಗಡಿ ಕಾಣಲಿಲ್ಲ, ನೀರು ಇಟ್ಟುಕೊಂಡು ಹೋಗಿ. ನಾವು ಕತ್ತಲಾಗುವವರೆಗೂ ಅಲ್ಲೇ ಕೂತಿದ್ದೆವು.