ಕಾಲೇಜ್‌ವಿಲ್‌ಗೆ ಶನಿವಾರದ ದಾರಿ

ಮಿನಿಯಾಪೊಲಿಸ್‌ನಿಂದ ಕಾಲೇಜ್‌ವಿಲ್‌ನ ಸೇಂಟ್ ಜಾನ್ಸ್ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ಪಂದ್ಯ ನೋಡಲು ಇಂಟರ್‌ಸ್ಟೇಟ್ 94 ಹಿಡಿದು ವಾಯವ್ಯಕ್ಕೆ ಹೊರಟರೆ ಎಕ್ಸಿಟ್ ನಂಬರುಗಳು ಏರುವುದಿಲ್ಲ, ಇಳಿಯುತ್ತವೆ. ಮಿನೆಸೋಟದಲ್ಲಿ ಈ ಹೆದ್ದಾರಿಯ ಮೈಲಿ ಎಣಿಕೆ ಶುರುವಾಗುವುದು ಪಶ್ಚಿಮದ ಗಡಿಯಿಂದ. ಸೇಂಟ್ ಕ್ಲೌಡ್ ದಾಟಿದ ಮೇಲೆ 156 ಬಂದಾಗ ಇಳಿದುಬಿಡಿ. ಸುಮಾರು 80 ಮೈಲಿ, ಒಂದೂಕಾಲು ಗಂಟೆಯ ದಾರಿ. ತವರು ಪಂದ್ಯಗಳು ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ 1ಕ್ಕೆ ಇರುತ್ತವೆ. 11ರೊಳಗೆ ತಲುಪಿದರೆ ನಿರಾಳ. ಹೋಮ್‌ಕಮಿಂಗ್ ವಾರದಲ್ಲಂತೂ ಹಳೇ ವಿದ್ಯಾರ್ಥಿಗಳೆಲ್ಲ ಬಂದು ಸೇರುವುದರಿಂದ ತಡವಾಗಿ ಬಂದವರಿಗೆ ಕಾರು ನಿಲ್ಲಿಸಲು ದೂರದ ಜಾಗವೇ ಗತಿ.

ಇಳಿದ ಕೂಡಲೇ ಕಾಣುವುದು ಕಾಡು, ಕೆರೆ ಮತ್ತು ಕಾಂಕ್ರೀಟಿನ ದೊಡ್ಡದೊಂದು ಫಲಕ. 112 ಅಡಿ ಎತ್ತರದ ಆ ಫಲಕದಲ್ಲಿ ಐದು ಗಂಟೆಗಳನ್ನು ತೂಗುಹಾಕಿದ್ದಾರೆ. ಅದು ಮಾರ್ಸೆಲ್ ಬ್ರೂಯರ್ ವಿನ್ಯಾಸದ ಚರ್ಚಿನದು, 1961ರದ್ದು. 1856ರಲ್ಲಿ ಮಿನೆಸೋಟಕ್ಕೆ ಬಂದ ಬೆನೆಡಿಕ್ಟೈನ್ ಸನ್ಯಾಸಿಗಳ ಮಠವೇ ಸೇಂಟ್ ಜಾನ್ಸ್ ಯೂನಿವರ್ಸಿಟಿಯ ಬೇರು. ಇದು ಗಂಡುಮಕ್ಕಳ ಕಾಲೇಜು. ಹೆಣ್ಣುಮಕ್ಕಳ ಜೋಡಿ ಕಾಲೇಜು ಸೇಂಟ್ ಬೆನೆಡಿಕ್ಟ್ ಪಕ್ಕದ ಸೇಂಟ್ ಜೋಸೆಫ್ ಊರಲ್ಲಿದೆ, ನಡುವೆ ಬಸ್ಸು ಓಡಾಡುತ್ತದೆ. ಆಟಕ್ಕೆ ಮುಂಚೆ ಅರ್ಧ ಗಂಟೆ ಸಿಕ್ಕರೆ ಚರ್ಚಿನೊಳಗೆ ಹೋಗಿ, ಜೇನುಗೂಡಿನ ಕಣ್ಣುಗಳಂಥ ಚೌಕಟ್ಟುಗಳಲ್ಲಿ ಬಣ್ಣದ ಗಾಜು ಕೂರಿಸಿದ ಗೋಡೆಯನ್ನು ನೋಡಿ.

ಕ್ಲೆಮೆನ್ಸ್ ಸ್ಟೇಡಿಯಂ ಪೈನ್ ಮರಗಳು ಸುತ್ತುವರಿದ ತಗ್ಗಿನಲ್ಲಿದೆ. ಕೆಲವರು ಬೆಂಚು ಬಿಟ್ಟು ದಿಬ್ಬದ ಮೇಲೆ ಕಂಬಳಿ ಹಾಸಿ ಕೂರುತ್ತಾರೆ. ಹೊಸಬರಿಗೆ ಮೈದಾನದ ಮಧ್ಯಕ್ಕಿಂತ 20 ಯಾರ್ಡ್ ಗೆರೆಯ ನೇರಕ್ಕೆ, ಸ್ವಲ್ಪ ಮೇಲಿನ ಜಾಗ ಒಳ್ಳೆಯದು, ಏಕೆಂದರೆ ಎದುರುಬದುರು ನಿಲ್ಲುವ ಎರಡು ತಂಡಗಳ ಸಾಲುಗಳೂ ಓರೆಯಾಗಿ ಬಿಡಿಬಿಡಿಯಾಗಿ ಕಾಣುತ್ತವೆ. ಚೆಂಡನ್ನೇ ನೋಡುತ್ತ ಕೂತರೆ ಏನೂ ತಿಳಿಯುವುದಿಲ್ಲ. ಚೆಂಡು ಹಿಂದಕ್ಕೆ ಹೋದ ಕ್ಷಣದಲ್ಲಿ ಚೆಂಡು ಇರುವ ತಂಡದ ಮುಂದಿನ ಸಾಲಿನ ಐವರು ದಢೂತಿ ಹುಡುಗರು ಏನು ಮಾಡುತ್ತಾರೆ ನೋಡಿ: ಮುಂದಕ್ಕೆ ನುಗ್ಗಿದರೆ ಓಟ, ಹಿಂದೆ ಸರಿದು ನಿಂತರೆ ಎಸೆತ. ಹತ್ತಕ್ಕೆ ಎಂಟು ಸಲ ಇಷ್ಟು ಸಾಕು.

ಲೆಕ್ಕವೂ ಸುಲಭ: ಚೆಂಡು ಉಳಿಸಿಕೊಳ್ಳಲು ನಾಲ್ಕು ಪ್ರಯತ್ನದಲ್ಲಿ ಹತ್ತು ಯಾರ್ಡ್ ಮುಂದೆ ಸಾಗಬೇಕು. ಆ ಹತ್ತು ಯಾರ್ಡ್ ಅಳೆಯಲು ಪಕ್ಕದಲ್ಲಿ ಎರಡು ಕೋಲುಗಳ ನಡುವೆ ಸರಪಳಿ ಹಿಡಿದು ನಿಂತಿರುತ್ತಾರೆ. ಅನುಮಾನ ಬಂದರೆ ಸರಪಳಿಯನ್ನೇ ಮೈದಾನದೊಳಗೆ ತರುತ್ತಾರೆ. ತಂದಾಗ ಜಾಗ ತಪ್ಪಬಾರದಲ್ಲ? ಅದಕ್ಕೇ, ಮೈದಾನದಲ್ಲಿ ಐದೈದು ಯಾರ್ಡಿಗೆ ಎಳೆದಿರುವ ಗೆರೆಗಳಲ್ಲಿ ಯಾವುದೋ ಒಂದನ್ನು ಸರಪಳಿ ದಾಟುವ ಕಡೆ ಮೊದಲೇ ಒಂದು ಕ್ಲಿಪ್ ಹಾಕಿಟ್ಟಿರುತ್ತಾರೆ. ಒಳಗೆ ಬಂದಾಗ ಕ್ಲಿಪ್ಪನ್ನು ಅದೇ ಗೆರೆಯ ಮೇಲಿಟ್ಟು ಸರಪಳಿ ಬಿಗಿಯುತ್ತಾರೆ. ಕ್ಲಿಪ್ ಜಾರಿದರೆ ಅಳತೆಯೇ ಕೆಟ್ಟಂತೆ. ದೊಡ್ಡ ಸ್ಟೇಡಿಯಂಗಳಲ್ಲಿ ಪರದೆ ನೋಡಿ ತಿಳಿಯಬೇಕಾದ್ದು ಇಲ್ಲಿ ಬರಿಗಣ್ಣಿಗೆ ಕಾಣುತ್ತದೆ.

ತವರು ತಂಡದ ಕಡೆ ಕೆಂಪು ಅಂಗಿಗಳ ಜಾತ್ರೆ ನೆರೆದಂತಿರುತ್ತದೆ. ಇದು ಕಾಲೇಜು ಕ್ರೀಡೆಯ ಮೂರನೇ ಹಂತವಾದ ಡಿವಿಷನ್ 3; ಆಟಕ್ಕೆಂದು ವಿದ್ಯಾರ್ಥಿವೇತನ ಯಾರಿಗೂ ಇಲ್ಲ. ಬಂದವರನ್ನು ತಂಡದಿಂದ ಕೈಬಿಡಬಾರದೆಂಬುದು ಜಾನ್ ಗಾಗ್ಲಿಯಾರ್ಡಿ ಹಾಕಿಕೊಟ್ಟ ಪದ್ಧತಿ. 1953ರಿಂದ 2012ರವರೆಗೆ ಈ ತಂಡ ನಡೆಸಿದ ಅವರ ಲೆಕ್ಕದಲ್ಲಿ, ಅದಕ್ಕೂ ಮುಂಚೆ ಮೊಂಟಾನಾದ ಕ್ಯಾರೊಲ್ ಕಾಲೇಜಿನಲ್ಲಿ ಗೆದ್ದವೂ ಸೇರಿ, 489 ಗೆಲುವುಗಳಿವೆ. ಕಾಲೇಜು ಫುಟ್‌ಬಾಲ್‌ನಲ್ಲಿ ಅಷ್ಟು ಗೆದ್ದ ಕೋಚ್ ಇನ್ನೊಬ್ಬರಿಲ್ಲ.

ಗೆದ್ದ ಬಗೆ ಇನ್ನೂ ಸ್ವಾರಸ್ಯ. ಅವರ ಅಭ್ಯಾಸದಲ್ಲಿ ವಿಷಲ್ ಇರಲಿಲ್ಲ, ತಳ್ಳಿ ಅಭ್ಯಾಸ ಮಾಡುವ ಭಾರದ ಚೌಕಟ್ಟು, ಅಂದರೆ ಸ್ಲೆಡ್, ಇರಲಿಲ್ಲ, ಟ್ಯಾಕಲ್ ಮಾಡಿ ಕೆಡವುವುದಂತೂ ಇಲ್ಲವೇ ಇಲ್ಲ. ಒಂದೂವರೆ ಗಂಟೆ ಮೀರುವಂತಿರಲಿಲ್ಲ. 'ಕೋಚ್' ಎನ್ನಬೇಡಿ, ಜಾನ್ ಎನ್ನಿ ಎನ್ನುತ್ತಿದ್ದರು. ವ್ಯಾಯಾಮದ ಹೊತ್ತಿಗೆ ಹುಡುಗರು ಹುಲ್ಲಿನ ಮೇಲೆ ಅಂಗಾತ ಮಲಗಿ 'ಎಂಥಾ ಒಳ್ಳೇ ದಿನ' ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೂ ಒಂದು ಪಾಠ! ತಮಾಷೆಯಾಗಿ ಕಂಡರೂ ಒಳಗೆ ಗಟ್ಟಿ ಲೆಕ್ಕವಿದೆ. ನಾಕೌಟ್ ಬಿಟ್ಟರೆ ಸೀಸನ್ನಿನಲ್ಲಿ ಹತ್ತು ಪಂದ್ಯ, ಸೆಪ್ಟೆಂಬರ್ ಮೊದಲಿಂದ ನವೆಂಬರ್ ನಡುವಿನವರೆಗೆ. ಮಂಗಳವಾರದ ಅಭ್ಯಾಸದಲ್ಲಿ ಮಂಡಿ ಮುರಿದುಕೊಂಡವನು ಶನಿವಾರ ಆಡುವುದಿಲ್ಲ, ಮಿಕ್ಕ ಸೀಸನ್ನೂ ಆಡದಿರಬಹುದು. ಮೈಗೆ ಮೈ ಬಡಿಯುವ ಹೊತ್ತು ಉಳಿಸಿ, ಅದೇ ಹೊತ್ತಿನಲ್ಲಿ ಒಂದೊಂದು ಪ್ರಯತ್ನದ ಯೋಜನೆಯನ್ನೂ ನಡೆದು, ಓಡಿ, ಎದುರಾಳಿ ನಿಲ್ಲುವ ಬಗೆ ಗುರುತಿಸುವಷ್ಟು ತಿದ್ದುತ್ತಿದ್ದರು. 2003ರ ಡಿಸೆಂಬರ್‌ನಲ್ಲಿ ವರ್ಜೀನಿಯಾದ ಸೇಲಂನಲ್ಲಿ ನಡೆದ ಸ್ಟ್ಯಾಗ್ ಬೌಲ್‌ನಲ್ಲಿ, ಅಂದರೆ ಡಿವಿಷನ್ 3ರ ರಾಷ್ಟ್ರೀಯ ಫೈನಲ್‌ನಲ್ಲಿ, ಮೌಂಟ್ ಯೂನಿಯನ್ ತಂಡದ 55 ಸತತ ಗೆಲುವಿನ ಸರಣಿ ಮುರಿದದ್ದು ಇದೇ ತಂಡ, 24–6.

ಹಳೇ ಜಿದ್ದಿನ ಸೇಂಟ್ ಥಾಮಸ್ ಪಂದ್ಯ ನೋಡಲೆಂದು ಈಗ ಹೊರಡಬೇಡಿ. 2017ರಲ್ಲಿ ಮಿನಿಯಾಪೊಲಿಸ್‌ನ ಟಾರ್ಗೆಟ್ ಫೀಲ್ಡ್‌ನಲ್ಲಿ 37,355 ಜನ ಸೇರಿದ್ದ ಜಿದ್ದು ಅದು. 2021ರಲ್ಲಿ ಸೇಂಟ್ ಥಾಮಸ್ ನೇರ ಡಿವಿಷನ್ 1ಕ್ಕೆ ಹೋಯಿತು. ಈಗ ಒಂದೇ ಪಂದ್ಯ ಆರಿಸುವುದಾದರೆ ಬೆಥೆಲ್ ವಿರುದ್ಧದ್ದನ್ನು ಆರಿಸಿ.

ಆಟ ಮೂರು ಗಂಟೆ ಹಿಡಿಯುತ್ತದೆ, ಮಧ್ಯೆ ವಿರಾಮವೂ ಸೇರಿ. ಸೆಪ್ಟೆಂಬರ್‌ನಲ್ಲಿ ಟೋಪಿ ಸಾಕು. ಅಕ್ಟೋಬರ್ ನಡುವಿನಿಂದ ದಪ್ಪ ಕಾಲುಚೀಲ, ಕೈಗವಸು, ಕೂರಲು ಮಡಿಸಿದ ಕಂಬಳಿ ಬೇಕು; ಚಳಿ ಮೊದಲು ಹತ್ತುವುದು ಬೆಂಚಿನಿಂದ. ಊರಿಂದ ಮಕ್ಕಳ ಮನೆಗೆ ಬಂದಿರುವ ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಹೋಗುವವರು ಸೆಪ್ಟೆಂಬರ್ ಪಂದ್ಯವನ್ನೇ ನೋಡಿಕೊಳ್ಳುವುದು ಮೇಲು.

ಹೊರಗಿನ ಪಂದ್ಯಗಳಲ್ಲಿ ಮೂರ್‌ಹೆಡ್‌ನ ಕಾಂಕಾರ್ಡಿಯಾ ಕಾಲೇಜಿಗೆ ಹೋಗುವುದು ಬೇರೆಯದೇ ಪ್ರಯಾಣ. ಅದೇ 94ರಲ್ಲಿ ಇನ್ನೂ ಎರಡೂವರೆ ಗಂಟೆ, ಕೊನೆಯ ಭಾಗ ಬಟಾಬಯಲು. ಗಾಳಿಗೆ ಅಡ್ಡವೇ ಇಲ್ಲದ ಕಡೆ ಪಂಟ್ ಮಾಡಿದ, ಅಂದರೆ ಕೈಯಿಂದ ಬಿಟ್ಟು ದೂರಕ್ಕೆ ಒದ್ದ, ಚೆಂಡು ಎಲ್ಲಿ ಬೀಳುತ್ತದೋ ಹೇಳಲಾಗದು. ನವೆಂಬರ್ ಆದರೆ ಹೊರಡುವ ಮುನ್ನ ರಾಜ್ಯ ಸಾರಿಗೆ ಇಲಾಖೆಯ ರಸ್ತೆ ಮಾಹಿತಿ ಸೇವೆ 511 ನೋಡಿಕೊಳ್ಳಿ. ಹಿಮ ಹಾರುವ ದಿನ ಹೆದ್ದಾರಿಗೆ ಗೇಟು ಹಾಕಿಬಿಡುತ್ತಾರೆ.