ಓದುದು ಬೇರೆ, ಶಬ್ದ ಮಾಡುದು ಬೇರೆ

ಶನಿವಾರ ಶಾಲೆ ಬಿಡುವ ಹೊತ್ತಿಗೆ ಒಬ್ಬ ಅಜ್ಜಿ ನನ್ನ ಕ್ಲಾಸಿನ ಬಾಗಿಲಿಗೆ ಬಂದು ನಿಂತರು. ಮೊಮ್ಮಗ ಒಂದನೇ ಕ್ಲಾಸು. "ಟೀಚರ್, ಇವನಿಗೆ ಎ ಬಿ ಸಿ ಡಿ ಪೂರ್ತಿ ಹೇಳ್ಲಿಕ್ಕೆ ಬರುದಿಲ್ಲ. ಮನೆಯಲ್ಲಿ ಕೂತು ಸ್ಸ್ ಅಂತಾನೆ, ಪ್ ಪ್ ಅಂತಾನೆ. ನೀವು ಎಂತ ಕಲಿಸುದು?"

ಮಂಗಳೂರಿನ ಕಡೆ ಕಾನ್ವೆಂಟಿನಲ್ಲಿ ಸಣ್ಣ ಮಕ್ಕಳಿಗೆ ಪಾಠ ಮಾಡುವವರಿಗೆ ಈ ಪ್ರಶ್ನೆ ಹೊಸದಲ್ಲ. ನಾವು ಕಲಿಸುವುದು ಫೋನಿಕ್ಸ್, ಅಂದರೆ ಅಕ್ಷರದ ಹೆಸರಿನ ಬದಲು ಅದರ ಸದ್ದು ಹಿಡಿದು ಓದಿಸುವ ಕ್ರಮ. ಎಸ್, ಐ, ಟಿ ಎಂದು ಅಕ್ಷರದ ಹೆಸರು ಎಷ್ಟು ಸಲ ಹೇಳಿದರೂ ಅದರಿಂದ 'ಸಿಟ್' ಹುಟ್ಟುವುದಿಲ್ಲ. ಸ್, ಇ, ಟ್ ಅಂತ ಸದ್ದು ಕಲಿಸಿದರೆ ಮಗು ತಾನೇ ಕೂಡಿಸಿಕೊಳ್ಳುತ್ತದೆ. ಅದಕ್ಕೇ ನಾವು ಎ ಬಿ ಸಿ ಡಿ ಕ್ರಮ ಬಿಟ್ಟು ಎಸ್, ಎ, ಟಿ, ಪಿ, ಐ, ಎನ್ ಇಂದ ಶುರು ಮಾಡುತ್ತೇವೆ. ಈ ಆರೇ ಅಕ್ಷರದಲ್ಲಿ ಪಿನ್, ಟಿನ್, ಟ್ಯಾಪ್, ಪ್ಯಾನ್, ಸಿಟ್ ಎಲ್ಲ ಬರುತ್ತವೆ. ನಮ್ಮ ಮಕ್ಕಳಿಗೆ ಕಷ್ಟ ಆಗುವುದು ಒಂದೇ ಕಡೆ. 'ಪ್' ಅನ್ನುವಲ್ಲಿ 'ಪ' ಅನ್ನುತ್ತಾರೆ. ಪ-ಇ-ನ ಅಂದರೆ ಅದು ಪಿನ್ ಆಗುವುದು ಹೇಗೆ? ಅರ್ಧ ಅಕ್ಷರ ಹೇಳಿ ಮಕ್ಕಳೇ, ಬಾಲ ಬೇಡ ಅಂತ ದಿನಾ ಹೇಳುತ್ತೇನೆ. ಅಕ್ಕಪಕ್ಕದ ಕ್ಲಾಸಿನ ಟೀಚರುಗಳೇ ಇನ್ನೂ 'ಕ, ಆ, ಟ, ಕ್ಯಾಟ್' ಅಂತ ಕಿರುಚಿಸುತ್ತಾರೆ, ಅದು ಬೇರೆ ವಿಷಯ.

ಅಜ್ಜಿಗೆ ತೋರಿಸಿಯೇ ಬಿಡೋಣ ಅಂತ ಹುಡುಗನನ್ನು ಬೋರ್ಡಿನ ಹತ್ತಿರ ಕರೆದೆ. 'ಪಿನ್' ಬರೆದೆ. ಓದಿದ. 'ಟ್ಯಾಪ್' ಬರೆದೆ. ಓದಿದ. "ಅದು ಬಾಯಿಪಾಠ ಆಗಿರ್ತದೆ," ಅಂದರು ಅಜ್ಜಿ. ಆಗ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಪದ ಬರೆದೆ, 'ನಿಸ್' ಅಂತ. ಇಂಗ್ಲೆಂಡಿನಲ್ಲೂ ಇದನ್ನೇ ಮಾಡುತ್ತಾರೆ. ಅಲ್ಲಿ 2012ರಿಂದ ಐದಾರು ವರ್ಷದ ಮಕ್ಕಳಿಗೆ ಫೋನಿಕ್ಸ್ ಪರೀಕ್ಷೆ ಇದೆ. 40 ಪದ, ಅದರಲ್ಲಿ ಅರ್ಧಕ್ಕೆ ಅರ್ಥವೇ ಇಲ್ಲ, ಬಾಯಿಪಾಠ ಮಾಡಿದ್ದಾರೋ ಬಿಡಿಸಿ ಓದುತ್ತಾರೋ ಗೊತ್ತಾಗಲಿ ಅಂತ. ಹುಡುಗ ಚಾಕ್‌ಪೀಸಿನ ಗೆರೆಗೆ ಬೆರಳು ತಾಗಿಸಿ, ಒಂದೊಂದೇ ಅಕ್ಷರದ ಕೆಳಗೆ ಬೆರಳು ಸರಿಸುತ್ತಾ "ನ್... ಇ... ಸ್... ನಿಸ್!" ಅಂದ. ಬೆರಳ ತುದಿ ಬೆಳ್ಳಗಾಗಿತ್ತು. ನನಗಂತೂ ಖುಷಿಯಾಯಿತು.

ಅಜ್ಜಿ ಕೇಳಿದರು, "ನಿಸ್ ಅಂದ್ರೆ ಎಂತ ಪುಟ್ಟ?"

"ಗೊತ್ತಿಲ್ಲ."

"ಟ್ಯಾಪ್ ಅಂದ್ರೆ?"

ಅದೂ ಗೊತ್ತಿಲ್ಲ. ಆಗ ಅಜ್ಜಿ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಮೆಲ್ಲಗೆ ಕೇಳಿದರು. "ಓದುದು ಬೇರೆ, ಶಬ್ದ ಮಾಡುದು ಬೇರೆ ಅಲ್ವಾ ಟೀಚರ್?"

ಆ ಮಾತು ಈ ವಾರ ಪೂರ್ತಿ ನನ್ನನ್ನು ಬಿಟ್ಟಿಲ್ಲ. ಬಸ್ಸಲ್ಲಿ ಕೂತಾಗ, ನೋಟ್ಸ್ ತಿದ್ದುವಾಗ, ಬೆಳಗ್ಗೆ ಅಸೆಂಬ್ಲಿಯಲ್ಲಿ ಮಕ್ಕಳು ಕಣ್ಣು ಮುಚ್ಚಿ ಇಂಗ್ಲಿಷ್ ಪ್ರಾರ್ಥನೆ ಒಂದೇ ಉಸಿರಿಗೆ ಹೇಳುವಾಗ. ಶಬ್ದ ಮಾಡುದು ಬೇರೆ.

ಓದಿನ ಬಗ್ಗೆ ಸಂಶೋಧನೆ ಮಾಡಿದವರು ಹೇಳುವುದೂ ಇದನ್ನೇ. ಗಫ್ ಮತ್ತು ಟನ್ಮರ್ ಅನ್ನುವ ಇಬ್ಬರು 1986ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಅಕ್ಷರ ಬಿಡಿಸುವ ಶಕ್ತಿಯನ್ನು ಭಾಷೆ ಅರ್ಥವಾಗುವ ಶಕ್ತಿಯಿಂದ ಗುಣಿಸಿದರೆ ಬರುವುದು ಓದು. ಕೂಡಿಸುವುದಲ್ಲ, ಗುಣಿಸುವುದು. ಒಂದು ಸೊನ್ನೆ ಆದರೆ ಎಲ್ಲ ಸೊನ್ನೆ. ಇಂಗ್ಲೆಂಡಿನ ಮಗು 'ಟ್ಯಾಪ್' ಬಿಡಿಸಿ ಓದಿದಾಗ ಆ ಪದ ಮೊದಲೇ ಅದರ ಕಿವಿಯಲ್ಲಿ ಇರುತ್ತದೆ, ಅಮ್ಮ ದಿನಾ ಟ್ಯಾಪ್ ನಿಲ್ಲಿಸು ಅಂತ ಬೈದಿರುತ್ತಾಳೆ. ನನ್ನ ಕ್ಲಾಸಿನ 40ಕ್ಕೂ ಜಾಸ್ತಿ ಮಕ್ಕಳು ಮನೆಯಲ್ಲಿ ಮಾತಾಡುವುದು ತುಳು, ಕೊಂಕಣಿ, ಬ್ಯಾರಿ, ಕನ್ನಡ. ಅವರಿಗೆ 'ಟ್ಯಾಪ್' ಮತ್ತು 'ನಿಸ್' ಎರಡೂ ಒಂದೇ.

ಆ ಅಜ್ಜಿಯನ್ನೇ ನೋಡಿ. ಅವರು ಕಲಿತದ್ದು ಕನ್ನಡ ಶಾಲೆಯಲ್ಲಿ, ಕಾಗುಣಿತ ಒತ್ತಕ್ಷರ ಎಲ್ಲ ಕನ್ನಡದ್ದು. ಆದರೆ ಪ್ರತಿ ವಾರ 'ರಾಕ್ಣೊ' ತರಿಸಿ ಓದುತ್ತಾರಂತೆ. 1938ರಿಂದ ಮಂಗಳೂರಿನಿಂದ ಬರುವ ಕೊಂಕಣಿ ಪತ್ರಿಕೆ ಅದು, ಕನ್ನಡ ಲಿಪಿಯಲ್ಲೇ. ಕೊಂಕಣಿ ಓದಲು ಅವರಿಗೆ ಯಾರೂ ಕಲಿಸಿಲ್ಲ. ಕನ್ನಡದ ಅಕ್ಷರ ಗೊತ್ತಿತ್ತು, ಮನೆಯ ಮಾತು ಗೊತ್ತಿತ್ತು, ಓದು ತಾನಾಗಿ ಬಂತು. ಅವರ ಮೊಮ್ಮಗನಿಗೆ ಅಂಥ ಅವಕಾಶವನ್ನೇ ನಾವು ಕೊಡುತ್ತಿಲ್ಲ. ಅಕ್ಷರವೂ ಹೊರಗಿನದು, ಮಾತೂ ಹೊರಗಿನದು, ಎರಡನ್ನೂ ಒಟ್ಟಿಗೆ ಹೊತ್ತುಕೋ ಅನ್ನುತ್ತೇವೆ. ಅದೂ ಆರು ವರ್ಷದ ಮಗುವಿಗೆ.

ಅದರ ಮೇಲೆ ಶಾಲೆಯೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಬಾರದು ಅನ್ನುವ ನಿಯಮ. ಶಾಲೆ ನೋಡಿಕೊಳ್ಳುವ ಸಿಸ್ಟರನ್ನು ದೂರಿ ಪ್ರಯೋಜನ ಇಲ್ಲ, ಒಳ್ಳೆಯ ಮನಸ್ಸಿನವರು, ಫೀಸು ಕಟ್ಟಲಾಗದ ಮಕ್ಕಳನ್ನು ಒಂದು ದಿನವೂ ಹೊರಗೆ ನಿಲ್ಲಿಸಿದವರಲ್ಲ. ಮೀಟಿಂಗಿನಲ್ಲಿ ಅಪ್ಪಂದಿರೇ ಎದ್ದು ನಿಂತು ಇಂಗ್ಲಿಷ್ ಮಾತ್ರ ಇರಲಿ ಅಂತ ಕೇಳುತ್ತಾರೆ. ಆದರೂ ಈ ನಿಯಮ ತಪ್ಪು, ನೂರಕ್ಕೆ ನೂರು ತಪ್ಪು. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಪುಣ್ ಭಾರತ್ ಯೋಜನೆಯ ಪೂರ್ತಿ ಇಂಗ್ಲಿಷ್ ಹೆಸರಿನಲ್ಲೇ ಅರ್ಥ ಮಾಡಿಕೊಂಡು ಓದುವುದು ಅಂತ ಇದೆ. ಮೂರನೇ ಕ್ಲಾಸು ಮುಗಿಯುವಾಗ ಪ್ರತಿ ಮಗುವೂ ಹಾಗೆ ಓದಬೇಕು ಅನ್ನುವುದು ಗುರಿ. ಮಗುವಿನ ಬಾಯಿ ಮುಚ್ಚಿಸಿ ಅರ್ಥ ಎಲ್ಲಿಂದ ತರುವುದು?

ಫೋನಿಕ್ಸ್ ಬಿಡುವ ಪ್ರಶ್ನೆಯೇ ಇಲ್ಲ. ಬಾಯಿಪಾಠದ ಕಾಲದಲ್ಲಿ ನಾಲ್ಕನೇ ಕ್ಲಾಸಿಗೆ ಬಂದರೂ ಹೊಸ ಪದ ಎದುರಾದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದ ಮಕ್ಕಳನ್ನು ನಾನು ಕಂಡಿದ್ದೇನೆ. ಆದರೆ ಸದ್ದಿಗೆ ಮೊದಲು ಮಾತು ಬೇಕು. ಬುಧವಾರ ಬೋರ್ಡಿನಲ್ಲಿ 'ಸಿಟ್' ಬರೆಯುವ ಮೊದಲು ಎಲ್ಲರನ್ನೂ ಕೂರಿಸಿದೆ, ನಿಲ್ಲಿಸಿದೆ, ಮತ್ತೆ ಕೂರಿಸಿದೆ. ಮನೆಯಲ್ಲಿ ಇದಕ್ಕೆ ಎಂತ ಹೇಳ್ತೀರಿ ಅಂತ ಕೇಳಿದೆ. "ಕುಲ್ಲು" ಅಂದಳು ಒಬ್ಬಳು, ತುಳುವಿನಲ್ಲಿ. ಕೊಂಕಣಿಯಲ್ಲಿ "ಬಸ್" ಅಂದ ಅಜ್ಜಿಯ ಮೊಮ್ಮಗ, ಕೂಡಲೇ ಹಿಂದಿನ ಬೆಂಚಿನವರೆಲ್ಲ ಬಸ್ಸು ಬಿಡಲು ಶುರು ಮಾಡಿದರು. ಗಲಾಟೆಯೋ ಗಲಾಟೆ. ಆಮೇಲೆ ಪದ ಬರೆದೆ. ಸ್, ಇ, ಟ್ ಅಂತ ಕೂಡಿಸಿ ಓದಿದವರು ಹೇಳದೆಯೇ ದಡಕ್ಕನೆ ಕೂತರು.

ಗಲಾಟೆ ಕೇಳಿ ಸಿಸ್ಟರ್ ಕಿಟಕಿಯ ಹತ್ತಿರ ಬಂದಿದ್ದರು. ಮಧ್ಯಾಹ್ನ ಆಫೀಸಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಒಂದನೇ ಕ್ಲಾಸಿಗಾದರೂ ಆ ನಿಯಮ ಬೇಡ ಸಿಸ್ಟರ್, ಶುಕ್ರವಾರದ ಕೊನೆಯ ಪೀರಿಯಡ್ ಕತೆಗೆ ಕೊಡಿ, ಮನೆಯ ಹಿರಿಯರೇ ಬಂದು ಅವರ ಭಾಷೆಯಲ್ಲೇ ಹೇಳಲಿ ಅಂದೆ. ಪೀರಿಯಡ್ ಕೊಟ್ಟರು. ನಿಯಮದ ಬಗ್ಗೆ ಪೇರೆಂಟ್ಸ್ ಮೀಟಿಂಗಿನಲ್ಲಿ ನೀವೇ ಮಾತಾಡಿ ಅಂದರು. ಮಾತಾಡುತ್ತೇನೆ.